ಜೀಮೇಲ್ ಬಿಟ್ಟು, ವರ್ಡ್ ಬಿಟ್ಟು, ವಾಟ್ಸಾಪ್ ಬಿಡದೆ: ಮುಕ್ತ ತಂತ್ರಾಂಶಕ್ಕೆ ದಾಟುವ ಬಗೆ

2025ರ ಜುಲೈನಲ್ಲಿ ನಯಾರಾ ಎನರ್ಜಿ ಎಂಬ ಕಂಪನಿಯ ನೌಕರರಿಗೆ ಇದ್ದಕ್ಕಿದ್ದಂತೆ ಆಫೀಸಿನ ಇಮೇಲ್ ತೆರೆಯದಾಯಿತು. ಗುಜರಾತಿನ ವಾಡಿನಾರ್‌ನಲ್ಲಿ ಭಾರಿ ತೈಲ ಸಂಸ್ಕರಣಾಗಾರ, ದೇಶದ ತುಂಬ ಪೆಟ್ರೋಲ್ ಬಂಕುಗಳು ಇರುವ ಕಂಪನಿ ಅದು. ಅದರಲ್ಲಿ ರಷ್ಯಾದ ರಾಸ್ನೆಫ್ಟ್‌ಗೆ ಸುಮಾರು ಶೇ 49ರಷ್ಟು ಪಾಲಿದೆ ಎಂಬ ಕಾರಣಕ್ಕೆ ಯುರೋಪಿಯನ್ ಒಕ್ಕೂಟ ಅದರ ಮೇಲೆ ನಿರ್ಬಂಧ ಹೇರಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್, ಟೀಮ್ಸ್ ಸೇವೆಗಳನ್ನು ನಿಲ್ಲಿಸಿತು. ಲೈಸೆನ್ಸಿನ ಹಣ ಪೂರ್ತಿ ಕಟ್ಟಿದ್ದೇವೆ ಎಂದು ನಯಾರಾ ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿತು. ತಿಂಗಳು ಮುಗಿಯುವ ಹೊತ್ತಿಗೆ ಸೇವೆ ಮರಳಿ ಬಂತು.

ನಮ್ಮ ನಿಮ್ಮ ಮೇಲೆ ಯುರೋಪು ನಿರ್ಬಂಧ ಹೇರುವುದಿಲ್ಲ, ನಿಜ. ಆದರೆ ಹೈಕೋರ್ಟಿಗೆ ಹೋಗುವ ವಕೀಲರ ಪಡೆಯೂ ನಮಗಿಲ್ಲ. ಖಾತೆಯೊಂದು ಯಾವುದೋ ಯಂತ್ರದ ತಪಾಸಣೆಗೆ ಸಿಕ್ಕಿ ಬಂದ್ ಆದರೆ ಫಾರಂ ತುಂಬಿ ಕಾಯಬೇಕು, ಅಷ್ಟೇ. ಹದಿನೈದು ವರ್ಷದ ಪತ್ರಗಳು, ಮಕ್ಕಳ ಫೋಟೋಗಳು, ಬ್ಯಾಂಕಿನ ಒಟಿಪಿ, ಎಲ್‌ಐಸಿ ರಸೀದಿ ಎಲ್ಲವೂ ಒಂದೇ ಪಾಸ್‌ವರ್ಡಿನ ಹಿಂದೆ ಕೂತಿರುವಾಗ ಆ ಕಾಯುವಿಕೆ ಸಣ್ಣದಲ್ಲ.

ಇದಕ್ಕೆ ಮದ್ದು ಎಂದು ಎಲ್ಲೆಡೆ ಸಿಗುವುದು ಒಂದು ಪಟ್ಟಿ: ಕ್ರೋಮ್ ಬದಲು ಫೈರ್‌ಫಾಕ್ಸ್, ವರ್ಡ್ ಬದಲು ಲಿಬ್ರೆಆಫೀಸ್, ವಾಟ್ಸಾಪ್ ಬದಲು ಸಿಗ್ನಲ್. ಪಟ್ಟಿ ತಪ್ಪೇನಲ್ಲ. ಆದರೆ ಅದನ್ನು ಹಿಡಿದು ಒಂದು ಭಾನುವಾರ ಎಲ್ಲವನ್ನೂ ಬದಲಿಸಿದವರು ಮುಂದಿನ ಭಾನುವಾರ ಸದ್ದಿಲ್ಲದೆ ಹಳೆಯದಕ್ಕೇ ಮರಳುವುದನ್ನು ಬೇಕಾದಷ್ಟು ನೋಡಿದ್ದೇನೆ. ಆ್ಯಪ್ ಎಂಬುದು ಮೇಲಿನ ಸಿಪ್ಪೆ ಮಾತ್ರ. ನಾವು ಸಿಕ್ಕಿಕೊಂಡಿರುವುದು ಅದರ ಕೆಳಗೆ, ಮೂರು ಕಡೆ. ಒಂದು, ನಮ್ಮ ಫೈಲುಗಳು ಯಾವ ರೂಪದಲ್ಲಿವೆ ಎಂಬಲ್ಲಿ. ಎರಡು, ನಮ್ಮ ಗುರುತು ಯಾರ ಖಾತೆಗೆ ಕಟ್ಟಿಕೊಂಡಿದೆ ಎಂಬಲ್ಲಿ. ಮೂರು, ನಾವು ಮಾತಾಡಬೇಕಾದ ಜನ ಎಲ್ಲಿದ್ದಾರೆ ಎಂಬಲ್ಲಿ. ಮೊದಲನೆಯದನ್ನು ಒಬ್ಬರೇ ಕೂತು ಬಿಡಿಸಿಕೊಳ್ಳಬಹುದು. ಎರಡನೆಯದಕ್ಕೆ ತಿಂಗಳುಗಟ್ಟಲೆ ತಾಳ್ಮೆ ಬೇಕು. ಮೂರನೆಯದು ನಿಮ್ಮೊಬ್ಬರ ಕೈಯಲ್ಲಿಲ್ಲ. ಹಾಗಾಗಿ ಕೆಲಸವನ್ನೂ ಇದೇ ಕ್ರಮದಲ್ಲಿ ಮಾಡಬೇಕು ಎನ್ನುವುದು ನನ್ನ ವಾದ.

ಮುಕ್ತ ಎಂದರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆಯನ್ನು ಘೋಷಿಸಿದಾಗ ಅವರ ಬೇಡಿಕೆ ಸರಳವಾಗಿತ್ತು: ತಂತ್ರಾಂಶವನ್ನು ಬೇಕಾದ ಕೆಲಸಕ್ಕೆ ಬಳಸಲು, ಅದರ ಒಳಗನ್ನು ಓದಿ ತಿದ್ದಲು, ಪ್ರತಿ ಮಾಡಿ ಹಂಚಲು, ತಿದ್ದಿದ ಪ್ರತಿಯನ್ನೂ ಹಂಚಲು ಬಳಸುವವರಿಗೆ ಹಕ್ಕಿರಬೇಕು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆಯಲು ತೊಡಗಿದ, ವಿಂಡೋಸ್ ಜಾಗದಲ್ಲಿ ಕಂಪ್ಯೂಟರ್ ನಡೆಸಬಲ್ಲ ಲಿನಕ್ಸ್ ಇದೇ ಬಗೆಯ ಪರವಾನಗಿಯಡಿ ಬೆಳೆಯಿತು. ನಮ್ಮ ರೈತರಿಗೆ ಇದನ್ನು ವಿವರಿಸುವುದು ಸುಲಭ. ನಾಟಿ ಬೀಜವನ್ನು ಎತ್ತಿಟ್ಟು ಮರುವರ್ಷ ಬಿತ್ತಬಹುದು, ಪಕ್ಕದ ಹೊಲದವರಿಗೆ ಸೇರು ಕೊಡಬಹುದು. ಕಂಪನಿಯ ಹೈಬ್ರಿಡ್ ಬೀಜವನ್ನು ಪ್ರತಿ ಹಂಗಾಮಿಗೂ ಅಂಗಡಿಯಿಂದಲೇ ತರಬೇಕು. ಇಳುವರಿ ಯಾವುದರಲ್ಲಿ ಹೆಚ್ಚು ಎಂಬುದು ಬೇರೆ ಪ್ರಶ್ನೆ.

ಬಳಕೆದಾರರಿಗೆ ಇದರಿಂದ ಸಿಗುವ ದೊಡ್ಡ ಲಾಭ ಉಚಿತ ಡೌನ್‌ಲೋಡ್ ಅಲ್ಲವೇ ಅಲ್ಲ. ಮಾಲೀಕ ಕೈಬಿಟ್ಟರೂ ತಂತ್ರಾಂಶ ಸಾಯುವುದಿಲ್ಲ ಎಂಬುದು. ಸನ್ ಕಂಪನಿಯ ಓಪನ್‌ಆಫೀಸ್ 2010ರಲ್ಲಿ ಒರಾಕಲ್ ಕೈಗೆ ಹೋಯಿತು. ಅದರ ಭವಿಷ್ಯದ ಬಗ್ಗೆ ಭರವಸೆ ಕಳೆದುಕೊಂಡ ತಂತ್ರಜ್ಞರು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಇಡೀ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಎತ್ತಿಕೊಂಡು ಹೊರನಡೆದು ಲಿಬ್ರೆಆಫೀಸ್ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಓನ್‌ಕ್ಲೌಡ್‌ನಿಂದ 2016ರಲ್ಲಿ, ಫೈಲು-ಫೋಟೋಗಳನ್ನು ಸ್ವಂತ ಸರ್ವರಿನಲ್ಲಿ ಇಡಲು ನೆರವಾಗುವ ನೆಕ್ಸ್ಟ್‌ಕ್ಲೌಡ್ ಕವಲೊಡೆದದ್ದೂ ಹೀಗೆಯೇ. ಇದರ ಎದುರು ಆರ್ಕುಟ್ ನೆನಪಿಸಿಕೊಳ್ಳಿ. 2014ರ ಸೆಪ್ಟೆಂಬರ್ 30ಕ್ಕೆ ಗೂಗಲ್ ಬಾಗಿಲು ಹಾಕಿತು, ಮುಗಿಯಿತು. ಗೂಗಲ್ ರೀಡರ್ 2013ರಲ್ಲಿ, ಪಿಕಾಸಾ 2016ರಲ್ಲಿ ಅದೇ ದಾರಿ ಹಿಡಿದವು. ಲಕ್ಷಾಂತರ ಜನ ಬೇಡಿಕೊಂಡರೂ ಯಾರೂ ಅವನ್ನು ಎತ್ತಿಕೊಂಡು ಮುಂದೆ ನಡೆಸುವಂತಿರಲಿಲ್ಲ.

ಹಾಗೆಂದು ಮುಕ್ತ ತಂತ್ರಾಂಶ ಇದ್ದಲ್ಲೆಲ್ಲ ಬಿಡುಗಡೆ ಇದೆ ಎಂದುಕೊಂಡರೆ ಮೋಸ ಹೋಗುತ್ತೀರಿ. ನಿಮ್ಮ ಆಂಡ್ರಾಯ್ಡ್ ಫೋನಿನ ತಿರುಳೇ ಲಿನಕ್ಸ್. ಕ್ರೋಮ್ ನಿಂತಿರುವುದು ಕ್ರೋಮಿಯಂ ಎಂಬ ಮುಕ್ತ ತಂತ್ರಾಂಶದ ಮೇಲೆ. ವಾಟ್ಸಾಪ್ ಸಂದೇಶಗಳಿಗೆ ಬೀಗ ಹಾಕುವ ವಿಧಾನ ಸಿಗ್ನಲ್‌ನಿಂದ ಬಂದದ್ದು. ಅಂದರೆ ಮುಕ್ತ ತಂತ್ರಾಂಶವನ್ನು ಎಲ್ಲರಿಗಿಂತ ಚೆನ್ನಾಗಿ ಬಳಸಿಕೊಂಡವರು ದೊಡ್ಡ ಕಂಪನಿಗಳೇ. ಮೂಲ ಸಂಕೇತವನ್ನು ಜಗತ್ತಿಗೆ ಕೊಟ್ಟು, ಖಾತೆ ಮತ್ತು ಮಾಹಿತಿಯನ್ನು ತಮ್ಮಲ್ಲೇ ಇಟ್ಟುಕೊಂಡರೆ ಸಾಕು, ಬಳಕೆದಾರ ಎಲ್ಲಿಗೂ ಹೋಗುವುದಿಲ್ಲ ಎಂಬುದು ಅವರಿಗೆ ಗೊತ್ತು.

ಸುರಕ್ಷತೆಯ ವಿಷಯದಲ್ಲೂ ಭಕ್ತಿ ಬೇಡ. 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಎಂಬ, ಲಿನಕ್ಸ್ ಲೋಕದಲ್ಲೆಲ್ಲ ಬಳಕೆಯಲ್ಲಿರುವ ಸಣ್ಣ ತಂತ್ರಾಂಶದೊಳಗೆ ಯಾರೋ ಕಳ್ಳದಾರಿ ಇಟ್ಟಿದ್ದು ಪತ್ತೆಯಾಯಿತು. ದಣಿದಿದ್ದ ಒಬ್ಬ ಸ್ವಯಂಸೇವಕ ನಿರ್ವಾಹಕನ ವಿಶ್ವಾಸವನ್ನು ವರ್ಷಗಳ ಕಾಲ ಗಳಿಸಿ ಮಾಡಿದ ಕೆಲಸ ಅದು. ಹಿಡಿದವರು ಆಂಡ್ರೆಸ್ ಫ್ರೋಯಿಂಡ್. ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅನುಮಾನಿಸಿ ಕೆದಕಿದವರು. ಮೂಲ ಸಂಕೇತ ಎಲ್ಲರಿಗೂ ಕಾಣುತ್ತಿದ್ದುದರಿಂದಲೇ ಕೆದಕಲು ಸಾಧ್ಯವಾಯಿತು. ಅವರು ಆಗ ಕೆಲಸ ಮಾಡುತ್ತಿದ್ದದ್ದು ಮೈಕ್ರೋಸಾಫ್ಟ್‌ನಲ್ಲಿ ಎನ್ನುವುದು ಈ ಕತೆಯನ್ನು ಕಪ್ಪು-ಬಿಳುಪು ಮಾಡಲು ಹೊರಟವರಿಗೆ ಸ್ವಲ್ಪ ತೊಡಕು.

ಇನ್ನೊಂದು ಗೊಂದಲ ಇತ್ತೀಚೆಗೆ ಬೆಳೆದಿದೆ. ಸ್ವದೇಶಿ ಮತ್ತು ಮುಕ್ತ ಎರಡನ್ನೂ ಒಂದೇ ಎಂದು ಭಾವಿಸುವುದು. ಜೋಹೊ ಭಾರತದ ಕಂಪನಿ, ಅದರ ಸೇವೆಗಳು ಒಳ್ಳೆಯವೂ ಹೌದು. ಆದರೆ ಜೋಹೊ ಮೇಲ್ ಆಗಲಿ, ವಾಟ್ಸಾಪ್‌ನಂಥ ಅದರ ಅರಟ್ಟೈ ಆಗಲಿ ಮುಕ್ತ ತಂತ್ರಾಂಶವಲ್ಲ. ವಿದೇಶಿ ಸರ್ಕಾರದ ಆಜ್ಞೆಯ ಭಯ ನಿಮ್ಮದಾದರೆ ಸ್ವದೇಶಿ ಸೇವೆ ಉತ್ತರವಾದೀತು. ಮಾಲೀಕ ಮನಸ್ಸು ಬದಲಿಸಿದರೆ ಏನು ಗತಿ ಎಂಬ ಭಯಕ್ಕೆ ಅದರಲ್ಲಿ ಉತ್ತರವಿಲ್ಲ.

ಪೌಂಡ್ ಚಿಹ್ನೆಯ ಕನ್ನಡ

ಫೈಲಿನ ರೂಪ ಎಂದರೆ ಏನು, ಅದರಲ್ಲಿ ಸಿಕ್ಕಿಕೊಳ್ಳುವುದು ಎಂದರೆ ಏನು ಎಂದು ಕನ್ನಡಿಗರಿಗೆ ಹೊರಗಿನಿಂದ ಉದಾಹರಣೆ ತರಬೇಕಿಲ್ಲ. ನಾವು ಇಪ್ಪತ್ತು ವರ್ಷ ಅನುಭವಿಸಿದ್ದೇವೆ, ಹಲವರು ಈಗಲೂ ಅನುಭವಿಸುತ್ತಿದ್ದಾರೆ.

ತೊಂಬತ್ತರ ದಶಕದ ಕೊನೆಯಲ್ಲಿ ಬರಹ ಎಂಬ ತಂತ್ರಾಂಶ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದನ್ನು ಮನೆಮನೆಗೆ, ಸರ್ಕಾರಿ ಕಚೇರಿಗಳಿಗೆ ತಲುಪಿಸಿದ ಶ್ರೇಯಸ್ಸು ಅವಕ್ಕೆ ಸಲ್ಲಲೇಬೇಕು. ಆದರೆ ಆ ಕಾಲದ ಭಾರತೀಯ ಭಾಷೆಗಳ ಬಹುತೇಕ ತಂತ್ರಾಂಶಗಳಂತೆ ಇವೂ ಒಂದು ಉಪಾಯ ಮಾಡಿದ್ದವು: ಇಂಗ್ಲಿಷ್ ಅಕ್ಷರಗಳಿಗೂ ಯುರೋಪಿನ ಚಿಹ್ನೆಗಳಿಗೂ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಅಕ್ಷರಗಳ ತುಂಡುಗಳನ್ನು ಇಟ್ಟು ಫಾಂಟ್ ಮಾಡಿದ್ದವು. ಫೈಲಿನೊಳಗೆ ನಿಜವಾಗಿ ಕೂತಿರುವುದು ಇಂಗ್ಲಿಷ್ ಸಂಕೇತಗಳೇ, ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ವೇಷ ಕಳಚುತ್ತದೆ. ನುಡಿಯಲ್ಲಿ ಬರೆದ ಹಳೆಯ ಫೈಲು ತೆರೆದವರಿಗೆ ಗೊತ್ತು, ‘ನ’ ಇರಬೇಕಾದ ಕಡೆಯೆಲ್ಲ ಬ್ರಿಟಿಷ್ ಪೌಂಡಿನ ಚಿಹ್ನೆ, ಅದರ ಪಕ್ಕದಲ್ಲಿ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಎ. ಹುಡುಕಾಟದಲ್ಲಿ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲು ಆಗುವುದಿಲ್ಲ, ಇನ್ನೊಂದು ತಂತ್ರಾಂಶಕ್ಕೆ ಅಂಟಿಸಿದರೆ ಕಲಸುಮೇಲೋಗರ.

ಅಂದಿನ ಎಷ್ಟೋ ಜನರಿಗೆ ಈ ತಂತ್ರಾಂಶಗಳು ದುಡ್ಡಿಲ್ಲದೆ ಸಿಕ್ಕವು. ಆದರೂ ಬರೆದವರು ಸಿಕ್ಕಿಕೊಂಡರು, ಏಕೆಂದರೆ ಬರೆದ ಅಕ್ಷರ ಆ ಫಾಂಟಿನ ಹೊರಗೆ ಅಕ್ಷರವೇ ಆಗಿರಲಿಲ್ಲ. ಇದರಿಂದ ಹೊರಬಂದದ್ದು ಹೊಸ ಆ್ಯಪ್‌ನಿಂದಲ್ಲ, ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಎಂಬ ಎಲ್ಲರಿಗೂ ಸೇರಿದ ಮಾನಕದಿಂದ. ಇವತ್ತು ನಿಮ್ಮ ಫೋನಿನಲ್ಲಿ ‘ಸ್ತ್ರೀ’ ಎಂದು ಬರೆದರೆ ಒತ್ತುಗಳು ಸರಿಯಾದ ಜಾಗದಲ್ಲಿ ಕೂರುತ್ತವಲ್ಲ, ಆ ಕೆಲಸವನ್ನು ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರಲ್ಲೂ ಮಾಡುತ್ತಿರುವುದು ಹಾರ್ಫ್‌ಬಜ್ ಎಂಬ ಒಂದೇ ಮುಕ್ತ ತಂತ್ರಾಂಶ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ನುಡಿಯ ಮೂಲಕ ಮನೆಮಾತಾಯಿತು. ಅದು ಈಗ ಲಿನಕ್ಸ್‌ನಲ್ಲಿ ಕಗಪ ಎಂಬ ಹೆಸರಿನಲ್ಲಿ ಮೊದಲಿನಿಂದಲೇ ಕೂತಿರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಂಡರೆ ಸಾಕು. ಗುಬ್ಬಿ, ನವಿಲು, ಲೋಹಿತ್ ಫಾಂಟುಗಳೂ ಮುಕ್ತವಾಗಿವೆ.

ಆದ್ದರಿಂದ ಕನ್ನಡದಲ್ಲಿ ಬರೆಯುವ ಯಾರಿಗೇ ಆದರೂ ಮೊದಲ ಹೆಜ್ಜೆ ಇದು: ಹಳೆಯ ನುಡಿ, ಬರಹ, ಶ್ರೀಲಿಪಿ ಫೈಲುಗಳನ್ನು ಯೂನಿಕೋಡ್‌ಗೆ ಬದಲಿಸಿ ಇಡಿ. ಕನ್ನಡಿಗರೇ ಬರೆದ ಮುಕ್ತ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳ ಮೇಲೆ ವಿಶೇಷವಾಗಿ ಕಣ್ಣಾಡಿಸಿ. ‘ಸೂರ್ಯ’ದಲ್ಲಿ ಹಳೆಯ ಫಾಂಟುಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಅರ್ಕಾವೊತ್ತನ್ನು ‘ಯ’ದ ನಂತರ ಇಡುತ್ತಿದ್ದವು, ಯೂನಿಕೋಡ್ ಉಚ್ಚಾರಣೆಯ ಕ್ರಮದಲ್ಲಿ ‘ರ’ವನ್ನು ಮೊದಲು ಇಡುತ್ತದೆ. ಎಡವುವುದು ಇಲ್ಲೇ.

ಮುದ್ರಣದವರ ಪಾಡು ಬೇರೆ. ಅನೇಕ ಡಿಟಿಪಿ ಅಂಗಡಿಗಳಲ್ಲಿ ಈಗಲೂ ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರ್ ಓಡುತ್ತಿದೆ. ಅಡೋಬಿ ಅದನ್ನು ಕೈಬಿಟ್ಟು ಎಷ್ಟೋ ಕಾಲವಾಯಿತು, ಅದಕ್ಕೆ ಯೂನಿಕೋಡ್ ಬಾರದು. ಸ್ಕ್ರೈಬಸ್ ಎಂಬ ಮುಕ್ತ ತಂತ್ರಾಂಶದ 2024ರ 1.6 ಆವೃತ್ತಿ ಕನ್ನಡದ ಒತ್ತಕ್ಷರಗಳನ್ನು ನಿಭಾಯಿಸುತ್ತದೆ, ಪುಸ್ತಕದ ಪುಟ ಕಟ್ಟಬಹುದು. ಕೈ ಪಳಗಿದ ಡಿಟಿಪಿ ಕೆಲಸಗಾರರಿಗೆ ಅದು ಮೊದಲಿಗೆ ನಿಧಾನ ಅನ್ನಿಸುತ್ತದೆ. ದಿನಕ್ಕೆ ಇಷ್ಟು ಪುಟ ಎಂದು ಕೂಲಿ ಲೆಕ್ಕ ಇರುವವರಿಗೆ ಬದಲಾಯಿಸಿ ಎಂದು ಉಪದೇಶ ಮಾಡಲು ನನಗೆ ಬಾಯಿ ಬರುವುದಿಲ್ಲ.

ಉಳಿದ ಫೈಲುಗಳ ವಿಷಯ ಸುಲಭ. ವರ್ಡ್‌ನ ಡಾಕ್ಸ್ ಫೈಲುಗಳನ್ನು ಲಿಬ್ರೆಆಫೀಸ್ ತೆರೆಯುತ್ತದೆ, ಕ್ಲಿಷ್ಟ ವಿನ್ಯಾಸವಿದ್ದರೆ ಅಲ್ಲಲ್ಲಿ ಸಾಲು ಸರಿದಾಡುತ್ತದೆ. ನಿಮ್ಮ ಸ್ವಂತ ಬರಹಗಳನ್ನು ಓಡಿಎಫ್ (ಓಪನ್ ಡಾಕ್ಯುಮೆಂಟ್ ಫಾರ್ಮ್ಯಾಟ್) ರೂಪದಲ್ಲಿ ಉಳಿಸಿ. ಅದು 2006ರಿಂದ ಅಂತರರಾಷ್ಟ್ರೀಯ ಮಾನಕ. ಇನ್ನೊಬ್ಬರಿಗೆ ಕಳಿಸುವಾಗ ಪಿಡಿಎಫ್ ಅಥವಾ ಡಾಕ್ಸ್ ಕಳಿಸಿದರೆ ಯಾರಿಗೂ ತಕರಾರಿಲ್ಲ. ಗೂಗಲ್ ಡಾಕ್ಸ್‌ನಲ್ಲಿ ಇರುವುದನ್ನು ಟೇಕ್‌ಔಟ್ ಸೇವೆಯಿಂದ ಒಂದೇ ಸಲ ಇಳಿಸಿಕೊಳ್ಳಬಹುದು. ಏನನ್ನೂ ಬಿಡುವ ಯೋಚನೆ ಇಲ್ಲದವರೂ ವರ್ಷಕ್ಕೊಮ್ಮೆ ಟೇಕ್‌ಔಟ್ ಮಾಡಿ ಒಂದು ಹಾರ್ಡ್‌ಡಿಸ್ಕಿಗೆ ಹಾಕಿಡುವುದು ಒಳ್ಳೆಯದು.

ಕೀಲಿ

ಈಗ ಕಷ್ಟದ ಭಾಗ. ಜೀಮೇಲ್ ಒಂದು ಅಂಚೆಪೆಟ್ಟಿಗೆ ಎಂದು ನಾವು ತಿಳಿದಿದ್ದೇವೆ. 2004ರ ಏಪ್ರಿಲ್ 1ರಂದು 1 ಜಿಬಿ ಜಾಗದೊಂದಿಗೆ ಬಂದಾಗ ಅದು ಅಷ್ಟೇ ಆಗಿತ್ತು. ಈಗ ಅದು ಗುರುತಿನ ಚೀಟಿ. ಸ್ವಿಗ್ಗಿ, ರೈಲ್ವೆ ಟಿಕೆಟ್, ಷೇರು ಖಾತೆ, ಮಗುವಿನ ಶಾಲೆಯ ಆ್ಯಪ್ ಎಲ್ಲವೂ ಪಾಸ್‌ವರ್ಡ್ ಮರೆತರೆ ಅಲ್ಲಿಗೇ ಪತ್ರ ಕಳಿಸುತ್ತವೆ. ‘ಗೂಗಲ್ ಮೂಲಕ ಲಾಗಿನ್ ಆಗಿ’ ಎಂಬ ಗುಂಡಿ ಒತ್ತಿದಲ್ಲೆಲ್ಲ ಸ್ವಂತ ಪಾಸ್‌ವರ್ಡೂ ಇರುವುದಿಲ್ಲ.

ಇಲ್ಲಿ ಮಾಡಬೇಕಾದ ಮೊದಲ ಕೆಲಸ ಇಮೇಲ್ ಬದಲಿಸುವುದಲ್ಲ, ಪಾಸ್‌ವರ್ಡುಗಳನ್ನು ಕ್ರೋಮ್‌ನ ನೆನಪಿನಿಂದ ಹೊರಗೆ ತರುವುದು. ಬಿಟ್‌ವಾರ್ಡನ್ ಪಾಸ್‌ವರ್ಡುಗಳನ್ನು ಕಾದಿಡುವ ಮುಕ್ತ ತಂತ್ರಾಂಶ. ಅದರ ಉಚಿತ ಖಾತೆಯೇ ಸಾಮಾನ್ಯರಿಗೆ ಸಾಕು. ಯಾರ ಸರ್ವರೂ ಬೇಡ ಎನ್ನುವವರಿಗೆ ಕೀಪಾಸ್‌ಎಕ್ಸ್‌ಸಿ ಇದೆ, ಎಲ್ಲ ಪಾಸ್‌ವರ್ಡುಗಳೂ ಬೀಗ ಹಾಕಿದ ಒಂದೇ ಫೈಲಿನಲ್ಲಿ ನಿಮ್ಮ ಬಳಿಯೇ ಇರುತ್ತವೆ. ಪಾಸ್‌ವರ್ಡಿನ ಜೊತೆಗೆ ಕೇಳುವ ಎರಡನೆಯ ಹಂತದ ಸಂಖ್ಯೆಗಳಿಗೆ ಗೂಗಲ್ ಅಥೆಂಟಿಕೇಟರ್ ಬದಲು ಏಜಿಸ್. ಇದಿಷ್ಟೇ ಮಾಡಿ ನಿಲ್ಲಿಸಿದರೂ ಅರ್ಧ ದಾರಿ ಬಂದಂತೆ, ಏಕೆಂದರೆ ಯಾವ ಯಾವ ಬಾಗಿಲುಗಳಿಗೆ ನೀವು ಕೀಲಿ ಕೊಟ್ಟಿದ್ದೀರಿ ಎಂಬ ಪೂರ್ತಿ ಪಟ್ಟಿ ಮೊದಲ ಬಾರಿಗೆ ನಿಮ್ಮ ಕಣ್ಣಿಗೆ ಬೀಳುತ್ತದೆ.

ಆಮೇಲೆ ವಿಳಾಸ. ಇಲ್ಲಿ ನನ್ನ ಸಲಹೆ ಒಂದು ಸ್ವಂತ ಡೊಮೈನ್, ಅಂದರೆ ಇಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು, ಕೊಳ್ಳುವುದು. ಭಾರತದ ‘.in’ ಎಂದು ಕೊನೆಯಾಗುವ ಹೆಸರುಗಳು ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತವೆ. ವಿಳಾಸ ನಿಮ್ಮ ಹೆಸರಿನದಾದರೆ ಅದರ ಹಿಂದೆ ಇರುವ ಮೇಲ್ ಸೇವೆ ಯಾವುದೇ ಇರಲಿ, ಬೇಸರವಾದ ದಿನ ಬದಲಿಸಬಹುದು. ನಿಮಗೆ ಬರೆಯುವವರಿಗೆ ಗೊತ್ತೂ ಆಗುವುದಿಲ್ಲ. ಮೊಬೈಲ್ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ಇಮೇಲಿಗೆ ಸಿಗುವುದು ಇದೊಂದೇ ದಾರಿಯಲ್ಲಿ. ಡೊಮೈನ್ ನವೀಕರಿಸಲು ಮರೆತರೆ ಮಾತ್ರ ಎಲ್ಲವೂ ಹೋದಂತೆ, ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಸೇವೆಗಳಲ್ಲಿ ಸ್ವಿಟ್ಜರ್ಲೆಂಡಿನ ಪ್ರೋಟಾನ್, ಜರ್ಮನಿಯ ಟೂಟಾ ಎರಡರ ಆ್ಯಪ್‌ಗಳೂ ಮುಕ್ತ. ಆದರೆ ಪ್ರೋಟಾನ್‌ನ ಪತ್ರಗಳನ್ನು ಥಂಡರ್‌ಬರ್ಡ್‌ನಂಥ ಹೊರಗಿನ ತಂತ್ರಾಂಶದಲ್ಲಿ ಓದಬೇಕಾದರೆ ದುಡ್ಡು ಕೊಡುವ ಚಂದಾದಾರರಾಗಿರಬೇಕು. ಖಾಸಗಿತನಕ್ಕಾಗಿ ಹಾಕಿದ ಬೀಗವೇ ಹೊರಹೋಗುವ ಬಾಗಿಲನ್ನು ಕಿರಿದು ಮಾಡುತ್ತದೆ ಎಂಬುದನ್ನು ಗಮನಿಸಿ. ಖಾಸಗಿತನಕ್ಕಿಂತ ಸ್ವಾತಂತ್ರ್ಯ ಮುಖ್ಯ ಅನ್ನಿಸಿದರೆ ಐಮ್ಯಾಪ್ (ಯಾವ ತಂತ್ರಾಂಶದಿಂದಲಾದರೂ ಪತ್ರ ಓದಲು ಬಿಡುವ ವಿಧಾನ) ಕೊಡುವ, ಹಣ ಪಡೆದು ನಡೆಸುವ ಯಾವುದೇ ಸಾಧಾರಣ ಮೇಲ್ ಸೇವೆ ಸಾಕು. ಸ್ವಂತ ಮೇಲ್ ಸರ್ವರ್ ನಡೆಸುವ ಹುಮ್ಮಸ್ಸು ಬೇಡ. ನೀವು ಕಳಿಸಿದ ಪತ್ರಗಳು ಜೀಮೇಲ್‌ನವರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತವೆ, ಅದನ್ನು ಸರಿಮಾಡುವುದರಲ್ಲೇ ಸಂಜೆಗಳು ಕಳೆಯುತ್ತವೆ.

ಹಳೆಯ ಜೀಮೇಲ್ ಖಾತೆಯನ್ನು ಅಳಿಸಬೇಡಿ. ಬಂದ ಪತ್ರಗಳನ್ನು ಹೊಸ ವಿಳಾಸಕ್ಕೆ ದಾಟಿಸಲು ಹೇಳಿ, ಬ್ಯಾಂಕು, ಆದಾಯ ತೆರಿಗೆ, ಪಿಎಫ್ ಇಂಥವನ್ನು ಒಂದೊಂದಾಗಿ ಬದಲಿಸುತ್ತಾ ಹೋಗಿ. ಎರಡು ವರ್ಷ ಬಳಸದ ಖಾತೆಗಳನ್ನು ಗೂಗಲ್ ತಾನೇ ಅಳಿಸಬಹುದು ಎಂಬ ನಿಯಮ 2023ರ ಕೊನೆಯಿಂದ ಜಾರಿಯಲ್ಲಿದೆ, ಆಗಾಗ ಒಮ್ಮೆ ಒಳಗೆ ಹೋಗಿ ಬನ್ನಿ.

ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಸರ್ಕಾರ ಸುಮಾರು 30 ಸಾವಿರ ಕಂಪ್ಯೂಟರುಗಳನ್ನು ಮುಕ್ತ ತಂತ್ರಾಂಶಕ್ಕೆ ತರುವುದಾಗಿ 2024ರಲ್ಲಿ ಹೇಳಿದಾಗ ಹಿಡಿದ ಕ್ರಮವೂ ಹೆಚ್ಚು ಕಡಿಮೆ ಇದೇ. ಮೊದಲು ಲಿಬ್ರೆಆಫೀಸ್ ಮತ್ತು ಓಡಿಎಫ್. ಆಮೇಲೆ ಇಮೇಲ್, 2025ರ ಅಕ್ಟೋಬರ್ ಹೊತ್ತಿಗೆ 40 ಸಾವಿರಕ್ಕೂ ಹೆಚ್ಚು ಅಂಚೆಪೆಟ್ಟಿಗೆಗಳನ್ನು ಮೈಕ್ರೋಸಾಫ್ಟ್‌ನಿಂದ ಹೊರತಂದರು. ವಿಂಡೋಸ್ ತೆಗೆದು ಲಿನಕ್ಸ್ ಹಾಕುವುದನ್ನು ಕೊನೆಗೆ ಇಟ್ಟುಕೊಂಡಿದ್ದಾರೆ. ಅದೇ ದೇಶದ ಮ್ಯೂನಿಕ್ ನಗರ 2003ರಲ್ಲೇ ಲಿನಕ್ಸ್‌ಗೆ ಹೋಗಲು ನಿರ್ಧರಿಸಿ, ಸುಮಾರು 15 ಸಾವಿರ ಕಂಪ್ಯೂಟರುಗಳನ್ನು ಬದಲಿಸಿ, 2017ರಲ್ಲಿ ಮತ್ತೆ ವಿಂಡೋಸ್‌ಗೆ ಮರಳುವ ತೀರ್ಮಾನ ಮಾಡಿತ್ತು.

ಲ್ಯಾಪ್‌ಟಾಪು, ಫೋನು

ಬ್ರೌಸರ್ ಬದಲಿಸಲು ಹತ್ತು ನಿಮಿಷ. ಎಡ್ಜ್, ಬ್ರೇವ್, ಒಪೆರಾ ಎಲ್ಲವೂ ಒಳಗೆ ಕ್ರೋಮಿಯಂ ಆದ್ದರಿಂದ ನಿಜವಾದ ಬದಲಾವಣೆ ಬೇಕೆಂದರೆ ಫೈರ್‌ಫಾಕ್ಸ್. ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಕ್ರೋಮ್‌ನ ಹೊಸ ನಿಯಮಗಳಿಂದ ಅಲ್ಲಿ ಕೆಲಸ ನಿಲ್ಲಿಸಿದೆ, ಫೈರ್‌ಫಾಕ್ಸ್‌ನಲ್ಲಿ ನಡೆಯುತ್ತಿದೆ. ಫೈರ್‌ಫಾಕ್ಸ್ ನಡೆಸುವ ಮೊಜಿಲ್ಲಾದ ಆದಾಯದ ದೊಡ್ಡ ಪಾಲು ಗೂಗಲ್ ಜೊತೆಗಿನ ಹುಡುಕಾಟದ ಒಪ್ಪಂದದಿಂದ ಬರುತ್ತದೆ ಎನ್ನುವುದೂ ತಿಳಿದಿರಲಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ಪು, ತಕ್ಕಮಟ್ಟಿಗೆ ಹೊಸ ಪ್ರೊಸೆಸರ್ ಬೇಕು. ಹೀಗಾಗಿ ಚೆನ್ನಾಗಿಯೇ ಇರುವ ಎಷ್ಟೋ ಲ್ಯಾಪ್‌ಟಾಪುಗಳು ಗುಜರಿಯ ಹಾದಿ ಹಿಡಿದಿವೆ. ಅಂಥದ್ದೊಂದು ಮನೆಯಲ್ಲಿದ್ದರೆ ಲಿನಕ್ಸ್‌ನ ಸುಲಭ ರೂಪವಾದ ಲಿನಕ್ಸ್ ಮಿಂಟ್ ಹಾಕಿ ನೋಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಇಲ್ಲ. ಪೆನ್‌ಡ್ರೈವ್‌ನಿಂದಲೇ ಓಡಿಸಿ ವೈಫೈ, ಧ್ವನಿ, ಪ್ರಿಂಟರ್ ಸರಿ ಇದೆಯೇ ಎಂದು ನೋಡಿಕೊಂಡು ಆಮೇಲೆ ಇನ್‌ಸ್ಟಾಲ್ ಮಾಡಬಹುದು. 4 ಜಿಬಿ ರ‍್ಯಾಮ್ ಇದ್ದರೆ ಬ್ರೌಸರು, ಲಿಬ್ರೆಆಫೀಸು, ವಿಎಲ್‌ಸಿ ಆರಾಮಾಗಿ ನಡೆಯುತ್ತವೆ. ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿದ್ದರೆ, ಡಿಜಿಟಲ್ ಸಹಿಯ ಟೋಕನ್ ಹಾಕಿ ಕೆಲಸ ಮಾಡುವವರಾದರೆ ಆ ಒಂದು ಯಂತ್ರವನ್ನು ವಿಂಡೋಸ್‌ನಲ್ಲೇ ಬಿಡಿ. ಹಟ ಮಾಡಿ ಗೆಲ್ಲುವ ಜಾಗ ಅದಲ್ಲ.

ಕೇರಳದ ಸರ್ಕಾರಿ ಶಾಲೆಗಳು ಸುಮಾರು ಎರಡು ದಶಕಗಳಿಂದ ಲಿನಕ್ಸ್ ಬಳಸುತ್ತಿವೆ. ಅಲ್ಲಿನ ಮಕ್ಕಳಿಗೆ ಯಾವುದನ್ನೂ ಬಿಡುವ ನೋವಿರಲಿಲ್ಲ, ಕಲಿತ ಮೊದಲ ಕಂಪ್ಯೂಟರೇ ಅದು. ನಮ್ಮಲ್ಲೂ ಮನೆಯ ಹಿರಿಯರ ಹಳೆಯ ಲ್ಯಾಪ್‌ಟಾಪಿಗೆ ಮಿಂಟ್ ಹಾಕಿಕೊಟ್ಟರೆ ತಕರಾರು ಬರುವುದು ಕಡಿಮೆ. ಬ್ರೌಸರ್ ತೆರೆದು ಪೇಪರ್ ಓದಿ ಯೂಟ್ಯೂಬ್ ನೋಡುವವರಿಗೆ ಕೆಳಗೆ ಯಾವ ವ್ಯವಸ್ಥೆ ಇದ್ದರೇನು?

ಫೋನಿನ ಮಾತು ಬಂದಾಗ ಮಾತ್ರ ಗೋಡೆ ಎದುರಾಗುತ್ತದೆ. ಗೂಗಲ್ ಇಲ್ಲದ ಆಂಡ್ರಾಯ್ಡ್ ಇವೆ: ಲೀನಿಯೇಜ್‌ಓಎಸ್, ಗ್ರಾಫೀನ್‌ಓಎಸ್. ಎರಡನೆಯದು ಈವರೆಗೆ ಮುಖ್ಯವಾಗಿ ನಡೆಯುತ್ತಿರುವುದು ಗೂಗಲ್‌ನದೇ ಪಿಕ್ಸೆಲ್ ಫೋನುಗಳಲ್ಲಿ ಎಂಬುದು ತಮಾಷೆ. ತೊಂದರೆ ಇರುವುದು ಬ್ಯಾಂಕಿನ ಮತ್ತು ಯುಪಿಐ ಆ್ಯಪ್‌ಗಳಲ್ಲಿ. ಫೋನು ಅಧಿಕೃತವೇ ಎಂದು ಅವು ಗೂಗಲ್‌ನ ಸೇವೆಯನ್ನು ಕೇಳುತ್ತವೆ. ‘ಅಲ್ಲ’ ಎಂಬ ಉತ್ತರ ಬಂದರೆ ತೆರೆಯುವುದೇ ಇಲ್ಲ. ತರಕಾರಿ ಗಾಡಿಯಲ್ಲೂ ಕ್ಯೂಆರ್ ಕೋಡ್ ಇರುವ ಊರಿನಲ್ಲಿ ಇದು ಸಣ್ಣ ತೊಡಕಲ್ಲ. ಆದ್ದರಿಂದ ಇರುವ ಫೋನಿನಲ್ಲೇ ಎಫ್-ಡ್ರಾಯ್ಡ್ ಎಂಬ ಮುಕ್ತ ಆ್ಯಪ್‌ಗಳ ಭಂಡಾರ ಹಾಕಿಕೊಂಡು ಒಂದೊಂದಾಗಿ ಬದಲಿಸುವುದೇ ನಡೆಯುವ ದಾರಿ. ಪ್ಲೇಸ್ಟೋರಿನ ಹೊರಗಿನ ಆ್ಯಪ್ ಬರೆಯುವವರೂ ತನ್ನಲ್ಲಿ ಗುರುತು ನೋಂದಾಯಿಸಬೇಕು ಎಂದು ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿದೆ. ಇದು ತಮ್ಮ ಬುಡಕ್ಕೇ ಕೊಡಲಿ ಎಂದು ಎಫ್-ಡ್ರಾಯ್ಡ್‌ನವರು ವಿರೋಧಿಸಿದ್ದಾರೆ.

ಕನ್ನಡ ಕೀಬೋರ್ಡಿಗೆ ಇಂಡಿಕ್ ಕೀಬೋರ್ಡ್ ಇದೆ, ನಮ್ಮ ನೆರೆಯ ಮಲಯಾಳಿಗಳ ಮುಕ್ತ ತಂತ್ರಾಂಶ ಬಳಗದಿಂದ ಬಂದದ್ದು. ಬೆರಳಿನಲ್ಲಿ ಒತ್ತಿ ಬರೆಯಲು ಚೆನ್ನಾಗಿದೆ. ಆದರೆ ಮಾತಾಡಿ ಬರೆಸುವುದರಲ್ಲಿ ಗೂಗಲ್‌ನ ಜೀಬೋರ್ಡ್ ಕನ್ನಡವನ್ನು ಎಷ್ಟು ಚೆನ್ನಾಗಿ ಹಿಡಿಯುತ್ತದೆ ಎಂದರೆ, ಅದಕ್ಕೆ ಸರಿಸಾಟಿಯಾದ, ಸಾಮಾನ್ಯರು ಸಲೀಸಾಗಿ ಬಳಸಬಲ್ಲ ಮುಕ್ತ ಆ್ಯಪನ್ನು ನಾನು ಕಂಡಿಲ್ಲ. ಕಣ್ಣು ಮಂಜಾದ ಹಿರಿಯರಿಗೆ ಅದನ್ನು ಬಿಡಿ ಎಂದು ಹೇಳುವುದು ಅನ್ಯಾಯ. ನಕ್ಷೆಯದೂ ಹೀಗೇ ಅರ್ಧಂಬರ್ಧ ಕತೆ. ಸಿಲ್ಕ್‌ಬೋರ್ಡಿನ ಟ್ರಾಫಿಕ್ ತಿಳಿಯಲು ಗೂಗಲ್ ಮ್ಯಾಪ್ಸ್ ಬೇಕೇ ಬೇಕು. ನೆಟ್‌ವರ್ಕ್ ಸಿಗದ ಪಶ್ಚಿಮಘಟ್ಟದ ದಾರಿಗಳಿಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ಓಸ್ಮ್ಯಾಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಮೊದಲೇ ಇಳಿಸಿಕೊಂಡಿದ್ದರೆ ಕೈಹಿಡಿಯುತ್ತವೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಊರಿನ ಕನ್ನಡ ಹೆಸರು ಸೇರಿಸಲು ಪ್ರತ್ಯೇಕ ಜಾಗವೇ ಇದೆ, ತಪ್ಪಿದ್ದರೆ ನೀವೇ ತಿದ್ದಬಹುದು.

ವಾಟ್ಸಾಪ್ ನನ್ನ ಫೋನಿನಲ್ಲಿದೆ, ಇರುತ್ತದೆ. ಅಪಾರ್ಟ್‌ಮೆಂಟಿನ ನೀರಿನ ಸುದ್ದಿ, ಶಾಲೆಯ ಗುಂಪು, ಊರಿನ ಜಾತ್ರೆಯ ತಾರೀಕು ಎಲ್ಲ ಅಲ್ಲೇ ಬರುವುದು. ಜೊತೆಗೆ ಸಿಗ್ನಲ್ ಹಾಕಿಕೊಂಡು ಮನೆಯ ನಾಲ್ಕು ಜನರ ಮಾತನ್ನಾದರೂ ಅಲ್ಲಿಗೆ ತಂದರೆ ಸಾಕು. ಟೆಲಿಗ್ರಾಂ ಅನ್ನು ಇದರ ಜೊತೆ ಸೇರಿಸಬೇಡಿ. ಅದರ ಆ್ಯಪ್ ಮುಕ್ತವಾದರೂ ಸರ್ವರ್ ಮುಚ್ಚಿದ್ದು, ಮಾಮೂಲಿ ಸಂದೇಶಗಳಿಗೆ ಇಬ್ಬರ ನಡುವಿನ ಬೀಗವೂ ಇಲ್ಲ.

ಮನೆಯಲ್ಲೇ ಸರ್ವರ್ ಇಡುವ ಮೊದಲು

ಫೋಟೋಗಳನ್ನು ಕೊನೆಗೆ ಇಟ್ಟುಕೊಂಡಿದ್ದಕ್ಕೆ ಕಾರಣವಿದೆ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತಿತು. ಈಗ ಮೇಲ್, ಡ್ರೈವ್, ಫೋಟೋ ಎಲ್ಲಕ್ಕೂ ಸೇರಿ 15 ಜಿಬಿ. 2024ರಿಂದ ವಾಟ್ಸಾಪ್ ಬ್ಯಾಕಪ್ಪೂ ಅದೇ ಲೆಕ್ಕಕ್ಕೆ. ತಿಂಗಳ ಬಾಡಿಗೆ ಶುರುವಾದ ಮೇಲೆ ಬಹಳ ಜನ ಮನೆಯಲ್ಲೇ ಒಂದು ಪುಟ್ಟ ಕಂಪ್ಯೂಟರ್ ಇಟ್ಟು ಇಮಿಚ್ ಅಥವಾ ನೆಕ್ಸ್ಟ್‌ಕ್ಲೌಡ್ ನಡೆಸಲು ಹೊರಟಿದ್ದಾರೆ. ಇಮಿಚ್ ನೋಡಲು ಗೂಗಲ್ ಫೋಟೋಸ್‌ನಂತೆಯೇ ಇದೆ, ಮುಖ ಗುರುತಿಸಿ ಜೋಡಿಸುವ ಕೆಲಸವನ್ನೂ ಮನೆಯ ಯಂತ್ರದಲ್ಲೇ ಮಾಡುತ್ತದೆ.

ಅದನ್ನು ನಡೆಸಬಲ್ಲವರು ನಡೆಸಲಿ. ಆದರೆ ಆ ದಿನದಿಂದ ನಿಮ್ಮ ಮನೆಯವರ ಪಾಲಿಗೆ ದೊಡ್ಡ ಕಂಪನಿ ನೀವೇ. ಡಿಸ್ಕ್ ಕೆಟ್ಟರೆ, ಸಿಡಿಲು ಬಡಿದರೆ, ಅಪ್‌ಡೇಟ್ ಕೈಕೊಟ್ಟರೆ ಹೆಂಡತಿ, ಅತ್ತೆ, ಮಕ್ಕಳು ನಿಮ್ಮ ಮುಖ ನೋಡುತ್ತಾರೆ. ನೀವು ಒಂದು ತಿಂಗಳು ಆಸ್ಪತ್ರೆಯಲ್ಲಿದ್ದರೆ ಮಗುವಿನ ನಾಮಕರಣದ ಫೋಟೋ ತೆಗೆದುಕೊಡುವವರು ಯಾರು? ಮುಕ್ತ ತಂತ್ರಾಂಶದ ಉತ್ಸಾಹಿಗಳು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಕಡಿಮೆ. ಸಿಂಕ್‌ಥಿಂಗ್ ಎಂಬ, ಫೋನಿನಿಂದ ಕಂಪ್ಯೂಟರಿಗೆ ನೇರವಾಗಿ ಫೈಲು ದಾಟಿಸುವ ಒಳ್ಳೆಯ ತಂತ್ರಾಂಶದ ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಕೊನೆಗೆ ನಿಂತುಹೋಯಿತು. ಇನ್ನೊಬ್ಬರು ಕವಲು ತೆಗೆದು ನಡೆಸುತ್ತಿದ್ದಾರೆ, ಆದರೆ ಆ ಸುದ್ದಿ ತಿಳಿದು ಹೊಸದನ್ನು ಹಾಕಿಕೊಳ್ಳಬೇಕಾದದ್ದು ಬಳಸುವವರೇ.

ನನ್ನ ಮಟ್ಟಿಗೆ ಸರಿಯೆನಿಸುವ ಏರ್ಪಾಡು ಹೀಗಿದೆ. ಫೋಟೋಗಳ ಒಂದು ಪ್ರತಿ ಸಾದಾ ಜೆಪೆಗ್ ಫೈಲುಗಳಾಗಿ, ವರ್ಷಕ್ಕೊಂದು ಫೋಲ್ಡರಿನಂತೆ, ಯಾವ ತಂತ್ರಾಂಶದ ಹಂಗೂ ಇಲ್ಲದೆ ತೆರೆಯುವಂತೆ ಹಾರ್ಡ್‌ಡಿಸ್ಕಿನಲ್ಲಿ ಇರಲಿ. ಇನ್ನೊಂದು ಪ್ರತಿ ಅಣ್ಣನದೋ ತಂಗಿಯದೋ ಮನೆಯಲ್ಲಿ. ಬಿಟ್‌ವಾರ್ಡನ್‌ನ ಮುಖ್ಯ ಪಾಸ್‌ವರ್ಡ್, ಡೊಮೈನ್ ಕೊಂಡ ಕಂಪನಿಯ ಹೆಸರು, ಅದರ ನವೀಕರಣದ ತಿಂಗಳು, ಹಾರ್ಡ್‌ಡಿಸ್ಕ್ ಎಲ್ಲಿದೆ ಎಂಬುದನ್ನು ಕನ್ನಡದಲ್ಲಿ, ಕೈಬರಹದಲ್ಲಿ ಬರೆದು ಮನೆಯ ಕ್ರಯಪತ್ರ, ವಿಮೆ ಪಾಲಿಸಿ ಇರುವ ಫೈಲಿನಲ್ಲೇ ಇಡಿ. ಪಾಸ್‌ವರ್ಡ್ ಬದಲಿಸಿದಾಗ ಆ ಹಾಳೆಯನ್ನೂ ಬದಲಿಸಿ.